ಸೋಪಿನ ಬೋರಿನ ಚಿಕ್ಕಬೀರಮ್ಮ

ಬಿಳಿಕಲ್‌ಹುಂಡಿಯ ನೀರುಗಂಟಿ ಚಿಕ್ಕಬೀರಮ್ಮನಿಗೆ ಕೋಪ ಬರುವುದು ಕಡಿಮೆ. ಬೆಳಿಗ್ಗೆ ಕರೆಂಟು ಕೈಕೊಟ್ಟು ನಲ್ಲಿಯಲ್ಲಿ ನೀರು ಬಾರದೆ ಬೀದಿಯ ಹೆಂಗಸರೆಲ್ಲ ಕೂಗಾಡಿದರೂ ಆಕೆ ವಾಲ್ವು ತಿರುಗಿಸುವ ಕಬ್ಬಿಣದ ರಾಡನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮುಂದಿನ ಬೀದಿಗೆ ಹೋಗುತ್ತಿದ್ದಳು. ಅಂಥವಳು ಒಂದು ಮಧ್ಯಾಹ್ನ ಪಂಚಾಯಿತಿ ಕಚೇರಿಗೆ ಬಂದು, ಕೈಯಲ್ಲಿದ್ದ ಹಾಳೆಯನ್ನು ಪಿಡಿಒ ಕೃಷ್ಣಕುಮಾರರ ಮೇಜಿನ ಮೇಲಿಟ್ಟು, "ಈ ಲ್ಯಾಬ್ನೋರು ನನ್ನ ಏನಂತ ತಿಳ್ಕಂಡವ್ರೆ ಸಾ?" ಎಂದು ಕೇಳಿದಾಗ ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

ಹಾಳೆಯಲ್ಲಿ ಎರಡೇ ಸಾಲು ಇದ್ದವು. ಕಳಿಸಿದ ನೀರಿನಲ್ಲಿ ಸಾಬೂನು ಬೆರೆತಂತಿದೆ. ಬಾಟಲಿಯನ್ನು ಸರಿಯಾಗಿ ತೊಳೆದು ಮತ್ತೆ ಕಳುಹಿಸುವುದು.

ಚಿಕ್ಕಬೀರಮ್ಮ ಬಾಟಲಿಯನ್ನು ಮೂರು ಸಲ ಕುದಿಯುವ ನೀರಿನಲ್ಲಿ ತೊಳೆದಿದ್ದಳು. ಸಾಬೂನನ್ನು ಹತ್ತಿರಕ್ಕೂ ತಂದಿರಲಿಲ್ಲ. ಸಾಬೂನಿನ ಹಾಗಿದ್ದದ್ದು ಆ ಬೋರಿನ ನೀರೇ.

ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಿಂದ ಒಳಕ್ಕೆ ಹೋದರೆ ಸಿಗುವ ಊರು ಬಿಳಿಕಲ್‌ಹುಂಡಿ. ಊರಾಚೆಯ ದಿಣ್ಣೆಯಲ್ಲಿ ಹಿಂದೆ ಯಾರೋ ಬಿಳಿಯ ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳಿವೆ. ಅವುಗಳ ಪಕ್ಕ ಹದಿನಾಲ್ಕು ವರ್ಷದ ಹಿಂದೆ ಸರ್ಕಾರದಿಂದ ಕೊರೆಸಿದ ಒಂದು ಬೋರು ಇತ್ತು. ಹಸಿರುಗಪ್ಪು ಕಲ್ಲನ್ನು ಸೀಳಿ ನಾನೂರ ಎಂಬತ್ತು ಅಡಿ ಹೋದ ಮೇಲೆ ಒಂದಿಷ್ಟು ನೀರು ಬಂತು. ಕೈಗೆ ಹಾಕಿಕೊಂಡರೆ ಜಾರುತ್ತಿತ್ತು. ಅನ್ನಕ್ಕಿಟ್ಟರೆ ಅನ್ನ ಅರಿಶಿನ ಬಣ್ಣಕ್ಕೆ ತಿರುಗುತ್ತಿತ್ತು, ಅವರೆಕಾಳು ಹಾಕಿದರೆ ಸೋಡಾ ಹಾಕಿದಂತೆ ಗಳಿಗೆಯಲ್ಲಿ ಕರಗಿ ಗೊಜ್ಜಾಗುತ್ತಿತ್ತು. ಬಿಂದಿಗೆಯ ಒಳಗೆ ಬಿಳಿ ಹೊಪ್ಪಳೆ ಕೂರುತ್ತಿತ್ತು. ಎರಡೇ ತಿಂಗಳಲ್ಲಿ ಜನ ಅದನ್ನು ಕೈಬಿಟ್ಟು 'ಸೋಪಿನ ಬೋರು' ಎಂದು ಹೆಸರಿಟ್ಟರು. ಆಗ ಊರಿನ ನೀರುಗಂಟಿಯಾಗಿದ್ದವನು ಚಿಕ್ಕಬೀರಮ್ಮನ ಮಾವ. ಆತ ಒಂದು ದಿನ ಬೋರಿನ ಬಾಯಿ ತೆರೆದು, ಇಣುಕಿ ನೋಡುತ್ತಾ ಬೀಡಿ ಹಚ್ಚಿದಾಗ ಟಪ್ಪೆಂದು ಸದ್ದಾಗಿ ಅರ್ಧ ಮೀಸೆ ಸುಟ್ಟುಹೋಯಿತು. ಊರಿನಡಿಯಲ್ಲಿ ಪೆಟ್ರೋಲಿದೆ ಎಂದು ಜನ ಆರು ತಿಂಗಳು ಆಸೆಪಟ್ಟು ಸುಮ್ಮನಾದರು. ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದರು.

ಮಾವನಿಗೆ ವಯಸ್ಸಾದ ಮೇಲೆ ಆ ಕೆಲಸ ಮಗ ನಂಜಯ್ಯನಿಗೆ, ಅಂದರೆ ಚಿಕ್ಕಬೀರಮ್ಮನ ಗಂಡನಿಗೆ, ಬರಬೇಕಿತ್ತು. ನಂಜಯ್ಯ ಅಷ್ಟರಲ್ಲಿ ಬೀಚನಹಳ್ಳಿಯ ಕಡೆ ಹಿನ್ನೀರಿನ ರೆಸಾರ್ಟೊಂದರಲ್ಲಿ ತೋಟದ ಕೆಲಸಕ್ಕೆ ಸೇರಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೆಂಗಸು ಮೋಟರು, ವಾಲ್ವು, ಟ್ಯಾಂಕು ನೋಡಿಕೊಳ್ಳಲಾರಳೆಂದು ಪಂಚಾಯಿತಿಯವರು ಬೇರೆಯವರನ್ನು ಹುಡುಕುವಷ್ಟರಲ್ಲಿ ಚಿಕ್ಕಬೀರಮ್ಮ ಮೂರು ತಿಂಗಳು ಕೆಲಸ ಮಾಡಿ ಮುಗಿಸಿದ್ದಳು. ಸ್ಟಾರ್ಟರಿನ ಸದ್ದು ಕೇಳಿಯೇ ಮೋಟರು ಖಾಲಿ ಓಡುತ್ತಿದೆ ಎಂದು ಹೇಳುತ್ತಿದ್ದಳು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಆಮೇಲೆ ಬಂದದ್ದು ನೀರು ಪರೀಕ್ಷೆಯ ಪೆಟ್ಟಿಗೆ. ಊರಿಗೆ ಐದು ಮಂದಿ ಹೆಂಗಸರಂತೆ ಹಂಪಾಪುರದಲ್ಲಿ ಸೇರಿಸಿ, ನೀರಿಗೆ ಯಾವ ದ್ರವ ಎಷ್ಟು ತೊಟ್ಟು ಹಾಕಬೇಕು, ಬಂದ ಬಣ್ಣವನ್ನು ಬಣ್ಣದ ಪಟ್ಟಿಗೆ ಹೇಗೆ ಹೋಲಿಸಬೇಕು ಎಂದು ಹೇಳಿಕೊಟ್ಟರು. ಉಳಿದ ನಾಲ್ವರು ಕುಡಿಯುವ ನೀರನ್ನು ಪರೀಕ್ಷಿಸಿ ಪೆಟ್ಟಿಗೆ ಮುಚ್ಚಿದರು. ಚಿಕ್ಕಬೀರಮ್ಮ ಊರಿನ ಅಷ್ಟೂ ನೀರನ್ನು ನೋಡಿದಳು: ಕೆರೆ, ಮೂರು ಕೈಬೋರು, ಓವರ್‌ಹೆಡ್ ಟ್ಯಾಂಕು, ಕೊನೆಗೆ ಸೋಪಿನ ಬೋರು. ಬೀಗ ತೆಗೆದು, ಹಗ್ಗಕ್ಕೆ ಡಬ್ಬಿ ಕಟ್ಟಿ ಎತ್ತಿದ ಅದರ ನೀರು ಬಣ್ಣದ ಪಟ್ಟಿಯಲ್ಲೇ ಇಲ್ಲದ ಕಡು ನೇರಳೆಗೆ ತಿರುಗಿತು. ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಅದೇ ಬಣ್ಣ. ರಿಜಿಸ್ಟರಿನಲ್ಲಿ 'ಪಟ್ಟಿಯಿಂದ ಆಚೆಗೆ' ಎಂದು ಬರೆದು ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕಳಿಸಿದಳು. ಬಾಟಲಿ ತೊಳೆಯಮ್ಮ ಎಂದು ಉತ್ತರ ಬಂದದ್ದು ಅದಕ್ಕೇ.

ಕೃಷ್ಣಕುಮಾರರು ಹೋಗಲಿ ಬಿಡಿ, ಹೇಗೂ ಯಾರೂ ಕುಡಿಯದ ನೀರು ಎಂದರು. ಚಿಕ್ಕಬೀರಮ್ಮ ಬಿಡಲಿಲ್ಲ. ಮರುದಿನ ಅವರನ್ನೇ ದಿಣ್ಣೆಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರು ಹೊಸ ಬಾಟಲಿಗಳಲ್ಲಿ ನೀರು ಹಿಡಿದು, ಮುಚ್ಚಳದ ಮೇಲೆ ಅರಗು ಹಾಕಿ, ಪಂಚಾಯಿತಿಯ ಮೊಹರು ಒತ್ತಿಸಿ, ಮೂರು ಬಾಟಲಿಯನ್ನು ಕಳಿಸಿದಳು. ಈ ಸಲ ಸರಿಯಾದ ಲೆಕ್ಕ ಬಂತು. ಕ್ಷಾರದ ಅಳತೆಯಲ್ಲಿ ಆ ನೀರು ಹನ್ನೊಂದೂವರೆ ದಾಟಿತ್ತು. ಸುಣ್ಣದ ತಿಳಿ ಇರುವುದು ಅದಕ್ಕಿಂತ ತುಸುವೇ ಮೇಲೆ. ಸಂಖ್ಯೆ ಕಂಪ್ಯೂಟರಿಗೆ ಏರಿತು. ಚಿಕ್ಕಬೀರಮ್ಮನಿಗೆ ಅಷ್ಟೇ ಬೇಕಿತ್ತು.

ಎರಡು ತಿಂಗಳಾದ ಮೇಲೆ, ಕಾರ್ತೀಕದ ಒಂದು ಬೆಳಿಗ್ಗೆ, ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಟ್ಯಾಂಕಿನ ಕೆಳಗೆ ನಿಂತು, ಈ ಊರಿನ ನೀರು ಪರೀಕ್ಷೆ ಮಾಡಿದವರು ಯಾರು ಎಂದು ಕೇಳಿದಳು. ಅವಳ ಹೆಸರು ಪೂಜಾ. ಕೆ.ಆರ್. ನಗರದ ಕಡೆ ಚುಂಚನಕಟ್ಟೆಯ ಭತ್ತದ ಗದ್ದೆಯವರ ಮಗಳು, ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ ಜಿಲ್ಲೆಯ ಸಾವಿರಾರು ಬೋರುಗಳ ಸಂಖ್ಯೆಗಳನ್ನು ಜಾಲಾಡುತ್ತಿದ್ದವಳು ಈ ಹನ್ನೊಂದೂವರೆ ಕಂಡು, ತಪ್ಪಿರಬಹುದೆಂದು ಎರಡು ದಿನ ಸುಮ್ಮನಿದ್ದು, ಮೂರನೇ ದಿನ ತಡೆಯಲಾರದೆ ಬಸ್ಸು ಹತ್ತಿದ್ದಳು.

ಬೋರಿನ ಬಳಿಯ ಹೊಂಗೆ ಮರದ ನೆರಳಿನಲ್ಲಿ ಇಬ್ಬರೂ ಕೂತರು. ಚಿಕ್ಕಬೀರಮ್ಮ ಮೊದಮೊದಲು ಮೇಡಂ ಎನ್ನುತ್ತಿದ್ದವಳು, ಹುಡುಗಿಯ ಮಾತು ತನ್ನ ಮಾತಿನಂತೆಯೇ ಇದ್ದುದರಿಂದ ಅರ್ಧ ಗಂಟೆಯಲ್ಲಿ ಅವ್ವ ಎನ್ನತೊಡಗಿದಳು. ಈ ನೀರಿಗೋಸ್ಕರ ಅಷ್ಟು ದೂರದಿಂದ ಬಂದದ್ದೇಕೆ ಎಂದು ಕೇಳಿದಳು.

ಪೂಜಾ ಹೇಳಿದ್ದು ಹೀಗೆ. ಈ ದಿಣ್ಣೆಯ ಅಡಿಯಲ್ಲಿರುವ ಹಸಿರುಗಪ್ಪು ಕಲ್ಲು ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ಅದರ ತುಂಬ ಕಬ್ಬಿಣದ ಅಂಶ. ಆಳದಲ್ಲಿ ಅದಕ್ಕೆ ನೀರು ತಾಗಿದರೆ ಕಬ್ಬಿಣ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಉಳಿಯುವುದು ಜಲಜನಕ, ಬೆಂಕಿ ತೋರಿಸಿದರೆ ಟಪ್ಪೆನ್ನುವ ಗಾಳಿ. ನೀರು ಸುಣ್ಣದ ತಿಳಿಯಂತೆ ಆಗುತ್ತದೆ.

"ಅಂದ್ರೆ ಕಲ್ಲು ತುಕ್ಕಿಡೀತದೆ ಅನ್ನು," ಎಂದಳು ಚಿಕ್ಕಬೀರಮ್ಮ.

ಪೂಜಾ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ತನಗೆ ಇದು ಸರಿಯಾಗಿ ಅರ್ಥವಾಗಲು ಒಂದು ವರ್ಷ ಹಿಡಿದಿತ್ತು ಎಂದಳು. ಬೇರೆ ದೇಶಗಳಲ್ಲಿ ಇಂಥ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಿಕ್ಕಿವೆ, ಅವು ಆ ಜಲಜನಕವನ್ನೇ ತಿಂದು ಬದುಕುತ್ತವೆ, ಇಲ್ಲಿಯೂ ಇವೆಯೇ ಎಂದು ನೋಡಬೇಕು ಎಂದೂ ಸೇರಿಸಿದಳು.

"ಬಿಸ್ಲು?"

"ಬ್ಯಾಡ ಕಣಕ್ಕ."

"ಗಾಳಿ?"

"ಅದೂ ಬ್ಯಾಡ. ಕಲ್ಲು, ನೀರು ಎರಡಿದ್ರೆ ಆಯ್ತು. ಅದೇ ಅವಕ್ಕೆ ಹಿಟ್ಟು, ಅದೇ ಸಾರು."

ಅಲ್ಲಿಂದ ಮಾತು ಮೇಲಕ್ಕೆ ಹೋಯಿತು. ಭೂಮಿಯ ಹಾಗೆ ಕಲ್ಲಿನಿಂದಲೇ ಆದ ಲೋಕಗಳು ಹತ್ತಿರದಲ್ಲೇ ಇವೆ, ಅಲ್ಲಿ ಜೀವ ಇರಬಹುದೇ ಎಂಬುದೇ ತನ್ನ ಕೆಲಸದ ಪ್ರಶ್ನೆ ಎಂದು ಪೂಜಾ ವಿವರಿಸಿದಳು. ಶುಕ್ರ ಹತ್ತಿರದವನು, ಗಾತ್ರದಲ್ಲಿ ಭೂಮಿಯ ಜೋಡಿ, ಆದರೆ ನೆಲ ಸೀಸ ಕರಗುವಷ್ಟು ಕಾದಿದೆ. ಚಿಕ್ಕಬೀರಮ್ಮನ ತವರು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಸೀಮೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ನೋಡಿಕೊಂಡು ಬೆಳೆದವಳು. ಶುಕ್ರನ ಮುಂದೆ ಬ್ಯಾರನ್ನು ತಣ್ಣೀರು ಎಂದು ಕೇಳಿ, ಅಲ್ಲೇನೂ ಉಳಿದಿರಲಾರದು ಬಿಡು ಎಂದು ತೀರ್ಮಾನಿಸಿದಳು. ನಮ್ಮ ಚಂದ್ರ ಬರೀ ಒಣಕಲು. ಮಂಗಳನ ಮೇಲ್ಮೈ ಒಣಗಿ, ಚಳಿಗೆ ಹೆಪ್ಪುಗಟ್ಟಿ, ಬಿಸಿಲಿನ ವಿಷಕಿರಣಕ್ಕೆ ಬೆತ್ತಲಾಗಿ ಬಿದ್ದಿದೆ. ಆದರೆ ಒಂದು ಕಾಲಕ್ಕೆ ಅಲ್ಲಿ ಹೊಳೆ ಹರಿದಿತ್ತು, ಈ ಹಸಿರುಗಪ್ಪು ಕಲ್ಲಿನ ಜಾತಿಯ ಕಲ್ಲೂ ಇದೆ, ಆಳದಲ್ಲಿ ನೀರಿದ್ದರೂ ಇರಬಹುದು. ಇನ್ನು ಶನಿಗೆ ಎನ್ಸೆಲಡಸ್ ಎಂಬ ಪುಟ್ಟ ಚಂದ್ರನಿದ್ದಾನೆ. ಒಳಗೆ ಕಲ್ಲಿನ ಗುಂಡು, ಅದರ ಮೇಲೆ ಕಡಲು, ಕಡಲಿನ ಮೇಲೆ ಹಿಮದ ಚಿಪ್ಪು. ಚಿಪ್ಪಿನ ಬಿರುಕಿನಿಂದ ನೀರು ಆಕಾಶಕ್ಕೆ ಚಿಮ್ಮುತ್ತದೆ. ಆ ಚಿಮ್ಮಿದ ನೀರಿನ ನಡುವೆ ಒಂದು ನೌಕೆ ಹಾದುಹೋದಾಗ ಅದಕ್ಕೆ ಸಿಕ್ಕಿದ್ದು ಜಲಜನಕ.

"ನಮ್ಮಾವನ ಮೀಸೆ ಸುಟ್ಟುದ್ದೇಯಾ?"

"ಅದೇ ಕಣಕ್ಕ."

ಚಿಕ್ಕಬೀರಮ್ಮ ಹದಿನಾಲ್ಕು ವರ್ಷದಿಂದ ಊರು ಬೈದು ಬಿಟ್ಟ ಬೋರನ್ನು ಹೊಸದಾಗಿ ನೋಡುತ್ತಾ ಕೂತಳು.

ಆ ವಾರ ಮನೆಗೆ ಬಂದ ನಂಜಯ್ಯನಿಗೆ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. ರೆಸಾರ್ಟಿಗೆ ಹುಲಿ ನೋಡಲು ಜನ ಬರುತ್ತಾರೆ, ನಿನ್ನ ಬೋರಿಗೆ ಕಾಣದ ಹುಳ ನೋಡಲು ಬರುತ್ತಾರೆ ಎಂದ. ಶನಿಯ ಹೆಸರು ಕೇಳಿದ ಊರಿನ ಕೆಲವರು, ಇದ್ದಬದ್ದ ಕಾಟ ಸಾಲದೆಂದು ಶನಿಯನ್ನೂ ಕರೆತಂದಳು ಎಂದು ಆಡಿಕೊಂಡರು. ಆಡಿಕೊಳ್ಳುವವರ ಬೀದಿಗೂ ಚಿಕ್ಕಬೀರಮ್ಮ ಹೊತ್ತಿಗೆ ಸರಿಯಾಗಿಯೇ ನೀರು ಬಿಟ್ಟಳು.

ಪೂಜಾ ಸಣ್ಣ ಪಂಪು ಇಳಿಸಿ, ನೀರು ತೆಗೆದು, ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮೈಸೂರಿಗೆ ಹೋದಳು. ಒಂದೂವರೆ ತಿಂಗಳ ಮೇಲೆ ತಿರುಗಿ ಬಂದಾಗ ಹುಡುಗಿಯ ಮುಖ ಬಾಡಿತ್ತು. ಜೀವಿಗಳೇನೋ ಸಿಕ್ಕಿದ್ದವು, ಆದರೆ ಎಲ್ಲವೂ ಮೇಲಿನವು. ಮನುಷ್ಯರ ಚರ್ಮದ ಮೇಲೆ, ಸಗಣಿ ಬಿದ್ದ ಮಣ್ಣಿನಲ್ಲಿ ಇರುವಂಥವು. ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ವೀರಭದ್ರಸ್ವಾಮಿಯವರು ಈ ಬೋರಿಗೆ ಮೇಲಿನ ನೀರು ಬೆರೆಯುತ್ತಿದೆ, ಇದನ್ನು ನಂಬಲಾಗದು, ಬೇರೆ ವಿಷಯ ನೋಡಿಕೋ ಎಂದಿದ್ದರಂತೆ.

ಚಿಕ್ಕಬೀರಮ್ಮ ಕಾಫಿ ಲೋಟ ಕೊಟ್ಟು, ಒಳಗೆ ಹೋಗಿ ತನ್ನ ರಿಜಿಸ್ಟರು ತಂದು ಅವಳ ತೊಡೆಯ ಮೇಲಿಟ್ಟಳು. ನೀರು ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಿದರೆ ಸಾಕಿತ್ತು. ಇವಳು ಪೆಟ್ಟಿಗೆ ಬಂದ ಬೇಸಿಗೆಯಿಂದಲೂ ಸೋಪಿನ ಬೋರಿನದನ್ನು ಹದಿನೈದು ದಿನಕ್ಕೊಮ್ಮೆ ಮಾಡಿದ್ದಳು. ಒಂದು ಕಡೆ ಬಣ್ಣ, ಅದರ ಪಕ್ಕ 'ಕೆನೆ' ಎಂದು ಬರೆದು ನಿಮಿಷದ ಲೆಕ್ಕ, ಅದರ ಪಕ್ಕ ಹಿಂದಿನ ವಾರ ಮಳೆ ಬಂದಿತ್ತೋ ಇಲ್ಲವೋ ಎಂಬುದು.

ಕೆನೆ ಎಂದರೇನು ಎಂದು ಪೂಜಾ ಕೇಳಿದಳು. ಚಿಕ್ಕಬೀರಮ್ಮ ಸ್ಟೀಲಿನ ತಟ್ಟೆಯೊಂದನ್ನು ತೆಗೆದುಕೊಂಡು ಅವಳನ್ನು ದಿಣ್ಣೆಗೆ ಕರೆದೊಯ್ದು, ಬೋರಿನ ನೀರನ್ನು ತಟ್ಟೆಗೆ ಸುರಿದು ನೆರಳಲ್ಲಿಟ್ಟಳು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳನೆಯ ಬಿಳಿ ಪೊರೆ ಕಟ್ಟತೊಡಗಿತು. ಗಾಳಿ ತಾಗಿದರೆ ಈ ನೀರು ಹೀಗೆ ಸುಣ್ಣ ಬಿಡುತ್ತದೆ. ಬೇಸಿಗೆಯಲ್ಲಿ ಮೂವತ್ತು, ಮೂವತ್ತೈದು ನಿಮಿಷಕ್ಕೆ ಕೆನೆ ಬರುತ್ತದೆ. ಮಳೆ ಬಂದ ವಾರ ಒಂದು ಗಂಟೆಯಾದರೂ ಬರುವುದಿಲ್ಲ, ಬಣ್ಣವೂ ತಿಳಿಯಾಗುತ್ತದೆ.

"ಮೇಲಿನ್ ನೀರು ಸೇರ್ಕತಾ ಇರೋದು ದಿಟ ಕಣವ್ವ. ಅರವತ್ತಡಿತಾವು ಪೈಪಿನ್ ಜಾಯಿಂಟು ಬುಟ್ಟದೆ. ನಮ್ಮಾವ ಅವತ್ತೇ ಯೋಳ್ತಿದ್ದ," ಎಂದಳು ಚಿಕ್ಕಬೀರಮ್ಮ. "ಅದ್ಕೆ ಬೋರ್ನೇ ಬಯ್ದ್ರೆ ಎಂಗೆ? ತಳದ್ ನೀರು ತಳದಲ್ಲೇ ಅದೆ. ನಾವು ಮೇಲಿಂದ ಬಗ್ಗಿಸ್ಕಂಡು ವೋಗಿದ್ದೀವಿ ಅಷ್ಟೇಯಾ."

ಪೂಜಾ ಪುಟ ತಿರುಗಿಸುತ್ತಾ ಹೋದಳು. ಕಾಫಿಯ ಹೊತ್ತಿಗಿದ್ದ ಬಾಡಿದ ಮುಖ ಈಗಿರಲಿಲ್ಲ. ಇದನ್ನೆಲ್ಲ ಏಕೆ ಬರೆದಿಟ್ಟಿರಿ ಎಂದು ಕೇಳಿದ್ದಕ್ಕೆ, ನೀರು ಬಿಡುವವಳು ನೀರಿನ ಗುಣ ಬರೆಯದೆ ಇನ್ನೇನು ಬರೆಯಲಿ ಎಂದು ಚಿಕ್ಕಬೀರಮ್ಮ ತಟ್ಟೆ ತೊಳೆಯಲು ಎದ್ದಳು.

ರಿಜಿಸ್ಟರು ಮೈಸೂರಿಗೆ ಹೋಯಿತು. ವೀರಭದ್ರಸ್ವಾಮಿಯವರು ಎರಡು ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡು ಓದಿ, ಇನ್ನೊಂದು ಸಲ ನೋಡೋಣ ಎಂದರು.

ಆ ಇನ್ನೊಂದು ಸಲಕ್ಕೆ ಚಿಕ್ಕಬೀರಮ್ಮನೇ ದಾರಿ ಹಾಕಿಕೊಟ್ಟಳು. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ತನಕ, ಮೇಲಿನ ಪಸೆ ಆರುವ ತನಕ ಕಾಯಬೇಕು. ಆಮೇಲೆ ಜಾಯಿಂಟು ಬಿಟ್ಟ ಜಾಗಕ್ಕಿಂತ ಕೆಳಗೆ ಬೋರನ್ನು ಕಟ್ಟಬೇಕು. ಅದಕ್ಕೆ ಸೈಕಲ್ ಟ್ಯೂಬನ್ನು ಪಂಪಿನ ಪೈಪಿಗೆ ಸುತ್ತಿ ಬಿಗಿದು, ನೂರಡಿ ಇಳಿಸಿ, ಮೇಲಿನಿಂದ ಗಾಳಿ ತುಂಬಿದರೆ ಅದು ಉಬ್ಬಿ ಬೋರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಮೇಲಿನ ನೀರು ಮೇಲೆ, ಕೆಳಗಿನದು ಕೆಳಗೆ. ಪೂಜಾ ನಗತೊಡಗಿದಳು. ದೊಡ್ಡ ದೊಡ್ಡ ಸಂಶೋಧನೆಯವರು ಇದೇ ಉಪಾಯ ಮಾಡುತ್ತಾರೆ, ಅದಕ್ಕೆ ಪ್ಯಾಕರ್ ಎಂಬ ಹೆಸರೂ ಇದೆ ಎಂದಳು. ಹೆಸರು ಏನಾದರೂ ಇರಲಿ, ಟ್ಯೂಬು ಪಂಕ್ಚರ್ ಇರಬಾರದು ಎಂದಳು ಚಿಕ್ಕಬೀರಮ್ಮ. ಆಮೇಲೆ ಆ ತಳದ ನೀರನ್ನು ನಿಧಾನವಾಗಿ, ಬೋರು ಕೊಟ್ಟಷ್ಟೇ ತೆಗೆದುಕೊಂಡು, ದಿನಕ್ಕೆ ಮೂರು ಹೊತ್ತು ಹೊರಗೆ ಹಾಯಿಸಬೇಕು. ಕೆನೆ ಕಟ್ಟುವ ನಿಮಿಷ ಏರದೆ ಇಳಿಯದೆ ಒಂದೇ ಕಡೆ ನಿಂತ ದಿನವೇ ಅದು ತಳದ ನೀರು.

ಮಾರ್ಚ್ ತಿಂಗಳಲ್ಲಿ ಕೆಲಸ ಶುರುವಾಯಿತು. ಆ ನೀರು ಪೈರಿಗೆ ಹರಿದರೆ ಪೈರು ಸಾಯುತ್ತದೆಂದು ಚಿಕ್ಕಬೀರಮ್ಮ ಇನ್ನೂರಡಿ ಪೈಪು ಜೋಡಿಸಿ ಹಳೆಯ ಬಿಳಿಕಲ್ಲಿನ ಗುಂಡಿಗೆ ಬಿಟ್ಟಳು. ಬೆಳಿಗ್ಗೆ ಊರಿಗೆ ನೀರು ಬಿಟ್ಟು ದಿಣ್ಣೆಗೆ ಬಂದರೆ ಸಂಜೆಯವರೆಗೂ ತಟ್ಟೆಯ ಮುಂದೆ ಅವಳು, ಬಾಟಲಿಗಳ ಮುಂದೆ ಪೂಜಾ. ಮೊದಲ ದಿನ ಕೆನೆಗೆ ಮೂವತ್ತೈದು ನಿಮಿಷ, ನಾಲ್ಕನೆಯ ದಿನ ಇಪ್ಪತ್ತೇಳು.

ಆರನೆಯ ದಿನ ಬೆಳಿಗ್ಗೆ ಕಲ್ಲುಮಣ್ಣು ತುಂಬಿದ ಟ್ರ್ಯಾಕ್ಟರು ದಿಣ್ಣೆ ಹತ್ತಿ ಬಂತು. ಮಕ್ಕಳು ಬೀಳುವ ಅಪಾಯವಿರುವುದರಿಂದ ಬಳಕೆಯಲ್ಲಿಲ್ಲದ ಬೋರುಗಳನ್ನೆಲ್ಲ ತಿಂಗಳೊಳಗೆ ಮುಚ್ಚಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಹಿಂದೆಯೇ ಬೈಕಿನಲ್ಲಿ ಬಂದ ಕೃಷ್ಣಕುಮಾರರು, ತಮಗೂ ಬೇಸರವೇ, ಆದರೆ ಪಟ್ಟಿಯಲ್ಲಿ ಮೊದಲ ಹೆಸರೇ ಸೋಪಿನ ಬೋರಿನದು ಎಂದರು. ಪೂಜಾ ಅವರೆದುರು ಕೈಮುಗಿದು, ಇನ್ನೊಂದು ವಾರ ಕೊಡಿ ಎಂದು ಬೇಡತೊಡಗಿದಳು. ಚಿಕ್ಕಬೀರಮ್ಮ ಅವಳನ್ನು ತಡೆದು, ಆದೇಶವನ್ನು ಒಮ್ಮೆ ಓದಿ ಹೇಳಿ ಸಾ ಎಂದಳು. ಕೃಷ್ಣಕುಮಾರರು ಓದಿದರು.

"ಬಳಕೇಲಿ ಇಲ್ದೇ ಇರವು ಅಂತ ತಾನೇ ಬರ್ದವ್ರೆ?" ಎಂದಳು. ಮೋಟರು ಓಡಿಸಿದ ಹೊತ್ತು ಬರೆಯುವ ಪಂಚಾಯಿತಿಯ ಲಾಗ್ ಪುಸ್ತಕವನ್ನು ತೆರೆದು ತೋರಿಸಿದಳು. ಐದು ದಿನ, ದಿನಕ್ಕೆ ಮೂರು ಹೊತ್ತು, ಸೋಪಿನ ಬೋರು ಚಾಲೂ ಎಂದು ಅಲ್ಲಿ ದಾಖಲಾಗಿತ್ತು. "ಇದು ಬಳಕೇಲಿ ಅದೆ. ಬೀಗ ಇರೋ ಮುಚ್ಚಳವೂ ಅದೆ. ಬಾಯ್ಬುಟ್ಕಂಡಿರೋ ಬೋರು ಕೆರೆ ಕೋಡಿತಾವು ಒಂದದೆ ಸಾ, ಮಕ್ಳು ಓಡಾಡೋ ದಾರಿ. ಮೊದ್ಲು ಅದ್ನ ಮುಚ್ಚಿ."

ಕೃಷ್ಣಕುಮಾರರು ಲಾಗ್ ಪುಸ್ತಕ ನೋಡಿದರು, ಆದೇಶ ನೋಡಿದರು, ಕೊನೆಗೆ ಚಿಕ್ಕಬೀರಮ್ಮನನ್ನು ನೋಡಿದರು. ಮೆಲ್ಲಗೆ ನಗುತ್ತಾ ಟ್ರ್ಯಾಕ್ಟರಿನವನಿಗೆ ಕೆರೆಕೋಡಿಯ ದಾರಿ ತೋರಿಸಿದರು. ಆ ಬೋರು ಅದೇ ದಿನ ಮುಚ್ಚಿಹೋಯಿತು.

ಏಳನೆಯ ದಿನ ಕೆನೆಗೆ ಹತ್ತೊಂಬತ್ತು ನಿಮಿಷ. ಎಂಟನೆಯ ದಿನವೂ ಹತ್ತೊಂಬತ್ತು. ಒಂಬತ್ತನೆಯ ದಿನ ಮೂರು ಹೊತ್ತೂ ಹತ್ತೊಂಬತ್ತು. ಚಿಕ್ಕಬೀರಮ್ಮ ತಟ್ಟೆಯಿಂದ ತಲೆಯೆತ್ತಿ, "ಇಡ್ಕೊಳವ್ವ ಈಗ," ಎಂದಳು. ಪೂಜಾ ಗಾಳಿ ಸೋಕದಂತೆ ನೀರನ್ನು ಪೈಪಿನಿಂದ ನೇರವಾಗಿ ಬಾಟಲಿಗಳಿಗೆ ತುಂಬಿಕೊಂಡಳು.

ಏಳು ವಾರ ಏನೂ ಸುದ್ದಿಯಿರಲಿಲ್ಲ. ಯುಗಾದಿ ಕಳೆಯಿತು, ಮೊದಲ ಮಳೆ ಬಂತು. ಒಂದು ದಿನ ಚಿಕ್ಕಬೀರಮ್ಮ ಟ್ಯಾಂಕಿನ ಮೆಟ್ಟಿಲ ಮೇಲಿರುವಾಗ ಫೋನು ಬಂತು. ಪೂಜಾಳ ದನಿ ಏರಿತ್ತು. ಮೇಲಿನ ಜೀವಿಗಳು ಒಂದೂ ಇಲ್ಲವಂತೆ. ಜಲಜನಕ ತುಂಬಿಟ್ಟ ಗಾಜಿನ ಕೊಳವೆಗಳಲ್ಲಿ ಜಲಜನಕ ಇಳಿಯುತ್ತಾ, ಅದನ್ನು ತಿಂದವು ಹೊರಬಿಡುವ ಮೀಥೇನ್ ಗಾಳಿ ಏರುತ್ತಿದೆಯಂತೆ. ಅಂದರೆ ಒಳಗೆ ಯಾರೋ ಉಣ್ಣುತ್ತಿದ್ದಾರೆ.

"ಬದುಕವಾ ಅಂಗಾರೆ?" ಎಂದು ಕೇಳಿದಳು.

"ಬದುಕವೆ ಕಣಕ್ಕ. ಎಚ್ಚಾಯ್ತಾನೂ ಅವೆ."

ಚಿಕ್ಕಬೀರಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಳಗೆ ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದವರು ಕೂಗಿದಾಗ ಎದ್ದು ವಾಲ್ವು ತಿರುಗಿಸಿ, ಅವತ್ತು ಎಲ್ಲ ಬೀದಿಗೂ ಅರ್ಧ ಗಂಟೆ ಹೆಚ್ಚಿಗೆ ನೀರು ಬಿಟ್ಟಳು.

ಆ ಭಾನುವಾರ ನಂಜಯ್ಯನೇ ರಜೆ ಹಾಕಿ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದ. ಕಿಟಕಿಗೆ ಕಪ್ಪು ಪರದೆ ಎಳೆದ ಕೋಣೆಯಲ್ಲಿ ಪೂಜಾ ಸೂಕ್ಷ್ಮದರ್ಶಕ ಸರಿಮಾಡಿ, ಇಲ್ಲಿ ಕಣ್ಣಿಡಿ ಎಂದಳು. ಚಿಕ್ಕಬೀರಮ್ಮನಿಗೆ ಮೊದಲು ಬರೀ ಕತ್ತಲೆ ಕಂಡಿತು. ಕಣ್ಣು ಹೊಂದಿಕೊಂಡ ಮೇಲೆ ಆ ಕತ್ತಲೆಯಲ್ಲಿ ನೀಲಿಹಸಿರು ಬೆಳಕಿನ ಸಣ್ಣ ಸಣ್ಣ ಚುಕ್ಕಿಗಳು ಕಂಡವು. ಒಂದೆರಡು ಅಲುಗಿದವು. ಒಂದಕ್ಕೊಂದು ಅಂಟಿಕೊಂಡ ಜೋಡಿಯೊಂದನ್ನು ತೋರಿಸಿ ಪೂಜಾ, ಅದು ಒಂದಾಗಿದ್ದದ್ದು ಈಗ ಎರಡಾಗುತ್ತಿದೆ ಎಂದಳು. ಸೂರ್ಯನನ್ನು ಕಾಣದ, ಮಳೆಯನ್ನು ಕಾಣದ, ಮನುಷ್ಯನಿಗೆ ಗುರುತೇ ಇಲ್ಲದ ಜೀವ, ತಾನು ದಿನಾ ಓಡಾಡುವ ನೆಲದ ಅಡಿಯಲ್ಲಿ, ಯಾರ ಹಂಗೂ ಇಲ್ಲದೆ ಸಂಸಾರ ಮಾಡಿಕೊಂಡು ಬಂದಿದೆ. ಚಿಕ್ಕಬೀರಮ್ಮ ಕಣ್ಣು ತೆಗೆಯದೆ, ನಂಜಯ್ಯನಿಗೂ ತೋರಿಸಬೇಕು ಎಂದಳು. ಆದರೆ ಬಹಳ ಹೊತ್ತು ಜಾಗ ಬಿಡಲಿಲ್ಲ.

ವೀರಭದ್ರಸ್ವಾಮಿಯವರು ಅಂದು ಅವಳನ್ನು ತಮ್ಮ ಕೋಣೆಗೆ ಕರೆಸಿ ಕುರ್ಚಿ ಹಾಕಿಸಿದರು. ಬೋರನ್ನು ನಂಬಬೇಡ ಎಂದು ಹುಡುಗಿಗೆ ಹೇಳಿದ್ದವನು ನಾನೇ, ನನ್ನದು ತಪ್ಪಾಯಿತು ಎಂದರು. ಸಂಶೋಧನೆಯ ಬರಹದ ಕೊನೆಯಲ್ಲಿ ಸಹಾಯ ಮಾಡಿದವರಿಗೆ ವಂದನೆ ಹೇಳುವ ಪದ್ಧತಿಯಿದೆ, ಆದರೆ ನಿಮ್ಮ ಹೆಸರು ಅಲ್ಲಿರುವುದಿಲ್ಲ, ಬರೆದವರ ಸಾಲಿನಲ್ಲೇ ಇರುತ್ತದೆ ಎಂದರು. ಆ ಬರಹ ಅಚ್ಚಾದಾಗ ಮೊದಲು ಪೂಜಾಳ ಹೆಸರು, ಎರಡನೆಯದು ಎನ್. ಚಿಕ್ಕಬೀರಮ್ಮ. ಹೆಸರಿನ ಕೆಳಗೆ ಸಂಸ್ಥೆ ಯಾವುದೆಂದು ಬರೆಯುವ ಜಾಗದಲ್ಲಿ 'ನೀರುಗಂಟಿ, ಬಿಳಿಕಲ್‌ಹುಂಡಿ' ಎಂದಿತ್ತು. ಕೃಷ್ಣಕುಮಾರರು ಆ ಪುಟವನ್ನು ಕಟ್ಟು ಹಾಕಿಸಿ ಪಂಚಾಯಿತಿ ಕಚೇರಿಯ ಗೋಡೆಗೆ ತಗುಲಿಸಿದರು. ಶನಿಯನ್ನು ಕರೆತಂದಳು ಎಂದಿದ್ದವರು ಬಂದು, ಇಂಗ್ಲಿಷಿನಲ್ಲಿ ತಮ್ಮ ಊರಿನ ಹೆಸರು ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ನೋಡಿಕೊಂಡು ಹೋದರು.

ದೀಪಾವಳಿ ಕಳೆದು ಮೈಸೂರಿನಲ್ಲಿ ಒಂದು ಸಭೆ ನಡೆಯಿತು. ಬೇರೆ ಬೇರೆ ಕಡೆಯಿಂದ ಗ್ರಹಗಳ ವಿಷಯ ಬಲ್ಲವರು ಬಂದಿದ್ದರು. ಪೂಜಾ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ಎಲ್ಲ ಸರಿ, ಆದರೆ ಅದು ತಳದ ನೀರೇ ಎಂದು ಹೇಗೆ ನಂಬುವುದು, ಇಂಥ ಕೆಲಸಗಳೆಲ್ಲ ಮುಗ್ಗರಿಸುವುದು ಇಲ್ಲಿಯೇ ಎಂದು ಕೇಳಿದರು. ಪೂಜಾ ಉತ್ತರ ಕೊಡುವ ಬದಲು ಮೈಕನ್ನು ಪಕ್ಕದಲ್ಲಿ ಕೂತಿದ್ದ ಚಿಕ್ಕಬೀರಮ್ಮನ ಕೈಗೆ ಕೊಟ್ಟಳು.

ಅಷ್ಟು ಜನರ ಮುಂದೆ ನಿಲ್ಲುವುದು ಚಿಕ್ಕಬೀರಮ್ಮನಿಗೆ ಹೊಸದು. ಪ್ರಶ್ನೆ ಮಾತ್ರ ಅವಳಿಗೆ ಹೊಸದಲ್ಲ. ನೀರು ಸರಿಯಿಲ್ಲ ಎಂಬ ಮಾತಿಗೆ ದಿನಬೆಳಗಾದರೆ ಉತ್ತರ ಕೊಡುವವಳು. ಮಳೆಗೂ ಕೆನೆಗೂ ಇರುವ ನಂಟು, ಅರವತ್ತಡಿಯ ಜಾಯಿಂಟು, ಟ್ಯೂಬು ಕಟ್ಟಿದ ರೀತಿ, ಒಂಬತ್ತು ದಿನದ ಲೆಕ್ಕ, ಕೊನೆಯ ಮೂರು ದಿನ ಕದಲದ ಹತ್ತೊಂಬತ್ತು ನಿಮಿಷ, ಎಲ್ಲವನ್ನೂ ತನ್ನ ಮಾತಿನಲ್ಲೇ ಹೇಳಿದಳು. ಪೂಜಾ ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿದಳು. ಹಿರಿಯರು ಕೊನೆಯವರೆಗೂ ಕೂರದೆ ನಿಂತೇ ಕೇಳಿ, ತಲೆದೂಗಿ, ಮೊದಲು ತಾವೇ ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭೆ ತಟ್ಟಿತು. ಹಿಂದಿನ ಸಾಲಿನಲ್ಲಿದ್ದ ನಂಜಯ್ಯ ಎದ್ದು ನಿಂತಿದ್ದ.

ಹಾಗಾದರೆ ಶನಿಯ ಆ ಚಂದ್ರನಲ್ಲಿ ಜೀವವಿದೆ ಎನ್ನುತ್ತೀರಾ ಎಂದು ಇನ್ನೊಬ್ಬರು ಕೇಳಿದರು.

"ಅದ್ನ ನಾನು ಕಂಡಿಲ್ಲ ಸಾ, ಕಂಡಿಲ್ದೆ ಯೋಳಾಕಿಲ್ಲ," ಎಂದಳು ಚಿಕ್ಕಬೀರಮ್ಮ. "ಕಲ್ಲದೆ, ನೀರದೆ, ಆ ಗಾಳಿಯೂ ಅದೆ ಅಂತೀರಿ. ನಮ್ಮೂರಲ್ಲಿ ಅಷ್ಟೇ ಇದ್ದುದ್ದು. ಸಾಲ್ತು."

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಸಾಲ್ತು ಎಂಬ ಮಾತನ್ನು ಪೂಜಾ ಇಂಗ್ಲಿಷಿಗೆ ತಿರುಗಿಸುವ ಮೊದಲೇ ಎಲ್ಲರಿಗೂ ಅರ್ಥವಾಗಿತ್ತು.

ಮರುವರ್ಷ ಇಂಥ ಬೋರುಗಳು ಇನ್ನೆಲ್ಲಿವೆ ಎಂದು ಹುಡುಕುವ ಕೆಲಸ ಶುರುವಾಯಿತು. ಬೆಳಿಗ್ಗೆ ಊರಿನ ನೀರು ಬಿಟ್ಟು ಮುಗಿಸಿದ ಮೇಲೆ ಪೂಜಾಳ ಸ್ಕೂಟರಿನ ಹಿಂದೆ ಕೂತು ಚಿಕ್ಕಬೀರಮ್ಮ ತಾಲ್ಲೂಕು ತಾಲ್ಲೂಕು ಸುತ್ತಿದಳು. ಕೆ.ಆರ್. ನಗರದ ಕಡೆ ಹತ್ತು ಬೋರು ನೋಡಿದರು, ಒಂದೂ ಆಗಲಿಲ್ಲ. ಹುಣಸೂರಿನ ಸುತ್ತ ಹದಿನೆಂಟು ನೋಡಿದರು, ಅಲ್ಲಿಯೂ ಇಲ್ಲ. ಪೂಜಾಳ ಉತ್ಸಾಹ ಇಳಿದಾಗಲೆಲ್ಲ, ಅಗೆದ ಬೋರಿಗೆಲ್ಲ ನೀರು ಬರುತ್ತದೆಯೇ ಎಂದು ಹೇಳಿ ಚಿಕ್ಕಬೀರಮ್ಮ ಸ್ಕೂಟರು ಹತ್ತುತ್ತಿದ್ದಳು.

ಇಪ್ಪತ್ತೊಂಬತ್ತನೆಯದು ಪಿರಿಯಾಪಟ್ಟಣದ ಆಚೆ, ಚನ್ನಬಸವಣ್ಣ ಎಂಬ ಹೊಗೆಸೊಪ್ಪಿನ ಬೆಳೆಗಾರರದು. ಬೋರು ಕೆಟ್ಟದ್ದು, ದನವೂ ಮೂಸುವುದಿಲ್ಲ, ಬರುವ ವಾರ ಮುಚ್ಚಿಸುತ್ತೇನೆ ಎಂದು ಅವರು ಮೊದಲೇ ಹೇಳಿಬಿಟ್ಟರು. ಚಿಕ್ಕಬೀರಮ್ಮ ಮುಚ್ಚಳ ಎತ್ತಿ ಕಿವಿಗೊಟ್ಟಳು. ಕೆಳಗೆ ನೀರಿನಿಂದ ಗಾಳಿ ಏಳುವ ಗುಳುಗುಳು ಸದ್ದು ನಿಲ್ಲದೆ ಬರುತ್ತಿತ್ತು. ತನ್ನ ಊರಿನ ಬೋರು ಎಂದೂ ಇಷ್ಟು ಜೋರಾಗಿ ಗುಳುಗುಟ್ಟಿರಲಿಲ್ಲ. ಹಗ್ಗಕ್ಕೆ ಡಬ್ಬಿ ಕಟ್ಟಿ ನೀರು ಎತ್ತಿ, ಎರಡು ಬೆರಳು ಅದ್ದಿ ಉಜ್ಜಿ ನೋಡಿ, ಪೂಜಾಳ ಕಡೆ ತಿರುಗಿ ನಕ್ಕಳು. ಪೂಜಾ ಚೀಲ ಕೆಳಗಿಳಿಸಿದಳು.

ಅಲ್ಲಿನ ನೀರಿನಲ್ಲಿ ಸಿಕ್ಕ ಜೀವಿ ಬಿಳಿಕಲ್‌ಹುಂಡಿಯದಲ್ಲ, ಬೇರೆಯದೇ ಕುಲದ್ದು ಎಂದು ಎರಡು ತಿಂಗಳ ಮೇಲೆ ತಿಳಿಯಿತು. ಇಷ್ಟು ಹತ್ತಿರದ ಎರಡು ಬೋರುಗಳಲ್ಲಿ ಎರಡು ಬಗೆ ಇದ್ದರೆ ಈ ಸೀಮೆಯ ಅಡಿಯಲ್ಲಿ ಇನ್ನೆಷ್ಟು ಇರಬಹುದೋ ಎಂದು ವೀರಭದ್ರಸ್ವಾಮಿಯವರು ಆಶ್ಚರ್ಯಪಟ್ಟರಂತೆ. ಚನ್ನಬಸವಣ್ಣನವರು ಬೋರು ಮುಚ್ಚಿಸಲಿಲ್ಲ. ಅದರ ಸುತ್ತ ಕಟ್ಟೆ ಕಟ್ಟಿಸಿ, ಬಂದವರಿಗೆಲ್ಲ ತೋರಿಸತೊಡಗಿದ್ದಾರೆ. ಮೂವತ್ತನೆಯ ಬೋರು ನೋಡಲು ಚಿಕ್ಕಬೀರಮ್ಮ ಬರುವ ಸೋಮವಾರ ಸರಗೂರಿನ ಕಡೆ ಹೋಗುತ್ತಿದ್ದಾಳೆ.